ನಾಲ್ಕು ಗೆರೆ ಸಾಕೆಂದು ಅನುಮೋದಿಸಿದ್ದು

ನಮ್ಮ ಕಡೆಯ ಗಣಿತದ ಮೇಷ್ಟ್ರುಗಳಿಗೆ ಒಂದು ಹೆಮ್ಮೆಯಿದೆ. ಬೋರ್ಡಿನ ಮೇಲೆ ಗೆರೆ ಎಳೆಯಲು ಸ್ಕೇಲು ಮುಟ್ಟುವವನು ನಮ್ಮಲ್ಲಿ ಮೇಷ್ಟ್ರೇ ಅಲ್ಲ. ಉದ್ದದ ಮರದ ಸ್ಕೇಲು ಎಲ್ಲ ಶಾಲೆಗಳಲ್ಲೂ ಇದೆ. ಕಿಟಕಿ ಬಾಗಿಲು ಗಾಳಿಗೆ ಬಡಿಯದಂತೆ ಒತ್ತು ಕೊಡಲು, ಬೀರುವಿನ ಹಿಂದೆ ಬಿದ್ದ ಡಸ್ಟರ್ ಎಳೆದುಕೊಳ್ಳಲು ಅದು ಬಳಕೆಯಾಗುತ್ತದೆ. ಗೆರೆ ಮಾತ್ರ ಬರಿಗೈಯಲ್ಲಿ, ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಬರಬೇಕು. ಬಂದ ಮೇಲೆ ಅದು ನೇರವಾಗಿದೆಯೇ ಎಂದು ಯಾರೂ ಪರೀಕ್ಷಿಸುವುದಿಲ್ಲ. ಹಾಗೆ ಪರೀಕ್ಷಿಸುವುದು ಕರೆದವರ ಮನೆಯಲ್ಲಿ ಊಟಕ್ಕೆ ಕೂತು ಅನ್ನದಲ್ಲಿ ಕಲ್ಲು ಹುಡುಕಿದಂತೆ.

ನಾನೂ ಹೀಗೆ ಗೆರೆ ಎಳೆದೇ ಇಷ್ಟು ವರ್ಷ ಸಂಬಳ ತಿಂದವನು. ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ದಿಬ್ಬೂರಹಳ್ಳಿಯಿಂದ ಸ್ವಲ್ಪ ಆಚೆ ನನ್ನ ಶಾಲೆ. ನನ್ನ ಗೆರೆ ಅಂಥಾ ಹೆಸರಾದುದೇನಲ್ಲ. ಹೆಸರಾದದ್ದು ಚಿಂತಾಮಣಿಯ ಹಿರಿಯ ಮೇಷ್ಟ್ರ ಗೆರೆ. ಅವರು ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದರೂ ಅವರ ಗೆರೆ ಇನ್ನೂ ನಿವೃತ್ತಿಯಾಗಿರಲಿಲ್ಲ. ಚಾಕ್‌ಪೀಸನ್ನು ಅರ್ಧಕ್ಕೆ ಮುರಿದು, ಅಡ್ಡ ಮಲಗಿಸಿ ಎಳೆಯುತ್ತಿದ್ದರು. ಗೆರೆ ಒಂದೂವರೆ ಬೆರಳಿನಷ್ಟು ಅಗಲ ಬರುತ್ತಿತ್ತು. ಕೊನೆ ಬೆಂಚಿನವನಿಗೂ ಕಾಣಬೇಕು ಎಂಬುದು ಅವರ ವಾದ. ಅಷ್ಟು ಅಗಲದ ಗೆರೆ ಸೊಟ್ಟಗಿದ್ದರೂ ಗೊತ್ತಾಗುವುದಿಲ್ಲ ಎಂಬುದು ನಾನು ಈಗ ಸೇರಿಸುತ್ತಿರುವ ಮಾತು. ಆಗ ಸೇರಿಸಿರಲಿಲ್ಲ.

ನಮ್ಮದೊಂದು ಗಣಿತ ಶಿಕ್ಷಕರ ಬಳಗವಿದೆ. ತಿಂಗಳಿಗೊಂದು ಶನಿವಾರ ಚಿಕ್ಕಬಳ್ಳಾಪುರದಲ್ಲಿ, ಒಂದು ಶಾಲೆಯವರು ಬಿಟ್ಟುಕೊಟ್ಟ ಹಾಲಿನಲ್ಲಿ ಸೇರುತ್ತೇವೆ. ಫೆಬ್ರವರಿಯ ಸಭೆಯಲ್ಲಿ ಹಿರಿಯ ಮೇಷ್ಟ್ರ ಉಪನ್ಯಾಸ, ಆಮೇಲೆ ಅವರಿಗೆ ಸನ್ಮಾನ. ಆ ಮಧ್ಯಾಹ್ನ ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಒಮ್ಮೆ ಬರೆದೂ ಇದ್ದೆ. ಅದನ್ನು ಯಾರೂ ಓದಲಿಲ್ಲ.

ಮುಂದಿನ ಸಾಲಿನಲ್ಲಿ ಆರು ಕುರ್ಚಿಗಳಿದ್ದವು. ಒಂದರಲ್ಲಿ ಹಿರಿಯ ಮೇಷ್ಟ್ರು. ಪಕ್ಕದಲ್ಲಿ ಬಳಗದ ಕಾರ್ಯದರ್ಶಿ. ಇವರು ಗೌರಿಬಿದನೂರು ಕಡೆಯ ಒಂದು ಖಾಸಗಿ ಹೈಸ್ಕೂಲಿನ ಹೆಡ್‌ಮಾಸ್ಟರ್. ಮೂರನೆಯದರಲ್ಲಿ ನಿರೂಪಣೆಗೆಂದು ಎರವಲು ತಂದ ಕನ್ನಡ ಮೇಷ್ಟ್ರು; ಗಣಿತದವರಿಗೆ ಮೈಕು ಕೊಟ್ಟರೆ ಸ್ವಾಗತ ಭಾಷಣವೂ ಪ್ರಮೇಯದಂತೆ ಕೇಳಿಸುತ್ತದೆ. ನಾಲ್ಕನೆಯದರಲ್ಲಿ ಪೆರೇಸಂದ್ರದಿಂದ ಹಾರ ತಂದ ಮೇಷ್ಟ್ರು. ಐದನೆಯದರಲ್ಲಿ ನಾನು. ಆರನೆಯದು ಒಬ್ಬ ತಾತ್ಕಾಲಿಕ ಶಿಕ್ಷಕಿಯದು. ಆಕೆ ಕಾರ್ಯದರ್ಶಿಗಳ ಶಾಲೆಯಲ್ಲೇ ಗಣಿತ ಹೇಳುತ್ತಿದ್ದಳು. ಮೂರು ವರ್ಷದಿಂದ ಇದ್ದಳು. ಪ್ರತಿ ಜೂನಿನಲ್ಲಿ ಹೊಸ ಆರ್ಡರ್ ಕೊಟ್ಟರೆ ಮಾತ್ರ ಇರುತ್ತಿದ್ದಳು. ಆ ದಿನ ತಟ್ಟೆ ಹಿಡಿಯಲು ಒಬ್ಬರು ಹೆಣ್ಣುಮಕ್ಕಳು ಮುಂದಿರಲಿ ಎಂದು ಕಾರ್ಯದರ್ಶಿಗಳೇ ಅಲ್ಲಿ ಕೂರಿಸಿದ್ದರು.

ಹಾರ ಬಾಳೆ ಎಲೆಯ ಪೊಟ್ಟಣದಲ್ಲಿತ್ತು. ಮೇಲೆ ಕೆಂಪು ಬಿಳಿ ಹುರಿದಾರ ಸುತ್ತಿತ್ತು, ಬೇಕರಿಯವರು ಡಬ್ಬಿಗೆ ಕಟ್ಟುವಂಥದ್ದು. ಬಿಚ್ಚಿಡಿ ಎಂದು ನಿರೂಪಕರು ಸನ್ನೆ ಮಾಡಿದರು. ನಾನು ಬಿಚ್ಚಿ ಹಾರವನ್ನು ತಟ್ಟೆಗಿಟ್ಟೆ. ಹಾರ ಕಟ್ಟಿದ್ದು ಬಿಳಿ ನೂಲಿನಲ್ಲಿ. ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡೆ. ದಾರ ಬಿಸಾಡದಿರುವುದು ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಅಭ್ಯಾಸ.

ಹಿರಿಯ ಮೇಷ್ಟ್ರು ಬೋರ್ಡಿನ ಮೇಲೆ ಆರು ಗೆರೆ ಎಳೆದರು. ಯಾವ ಎರಡೂ ಸಮಾಂತರವಲ್ಲ, ಯಾವ ಮೂರೂ ಒಂದೇ ಕಡೆ ಸೇರುವುದಿಲ್ಲ. ಪ್ರತಿ ಎರಡು ಗೆರೆ ಒಂದೊಂದು ಕಡೆ ಕತ್ತರಿಸಿ ಒಟ್ಟು ಹದಿನೈದು ಬಿಂದುಗಳಾದವು. ಆ ಹದಿನೈದಕ್ಕೂ ಒಂದೊಂದು ಬೊಟ್ಟಿಟ್ಟು ಕೇಳಿದರು: "ಈಗ ಬೇರೆ ಗೆರೆ ಎಳೆದು ಈ ಬೊಟ್ಟುಗಳನ್ನೆಲ್ಲ ಮುಚ್ಚಬೇಕು. ಎಷ್ಟು ಕಡಿಮೆ ಗೆರೇಲಿ ಮುಚ್ತೀರಪ್ಪ?"

ಯಾರೂ ಹೇಳಲಿಲ್ಲ. ಹೇಳಬಾರದೆಂಬುದು ಎಲ್ಲರಿಗೂ ಗೊತ್ತಿತ್ತು. ಸನ್ಮಾನಕ್ಕೆ ಬಂದವರ ಪ್ರಶ್ನೆಗೆ ಉತ್ತರ ಹೇಳುವುದು ಮದುವಣಿಗನಿಗಿಂತ ಮೊದಲು ಹಸೆಮಣೆ ಹತ್ತಿದಂತೆ. ಅವರು ಕೆಂಪು ಚಾಕ್‌ಪೀಸ್ ಮುರಿದು, ಅಡ್ಡ ಮಲಗಿಸಿ, ನಾಲ್ಕು ಗೆರೆ ಎಳೆದರು. ಮೊದಲನೆಯದು ನಾಲ್ಕು ಬೊಟ್ಟು ಮುಚ್ಚಿತು. ಎರಡನೆಯದು ನಾಲ್ಕು. ಮೂರನೆಯದೂ ನಾಲ್ಕು. ಕೊನೆಯದು ಉಳಿದ ಮೂರನ್ನು. ಹದಿನೈದೂ ಮುಗಿಯಿತು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಪಕ್ಕದವರು ನಿಲ್ಲಿಸುವವರೆಗೆ.

ಆರನೇ ಕುರ್ಚಿಯ ಶಿಕ್ಷಕಿ ಎದ್ದು ನಿಂತಳು.

"ಸರ್, ಒಂದು ಡೌಟು. ಒಂದು ಗೆರೆ ಮೂರಕ್ಕಿಂತ ಜಾಸ್ತಿ ಮುಚ್ಚಕ್ಕಾಗಲ್ಲ ಅಲ್ವಾ ಸರ್?"

"ನಾಲ್ಕು ಮುಚ್ಚಿದೆಯಲ್ಲಮ್ಮ. ಎದುರಿಗೇ ಇದೆ."

"ಕಣ್ಣಿಗೆ ಕಾಣ್ತಿದೆ ಸರ್. ಲೆಕ್ಕಕ್ಕೆ ಬರ್ತಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಹಿರಿಯ ಮೇಷ್ಟ್ರು ಆ ನಗುವಿನ ಕಡೆ ತಿರುಗಿ, "ಕಳ್ಳದ್ದಾಲು ತೆಚ್ಚುಕೋಮ್ಮ," ಎಂದರು. ಕನ್ನಡಕ ತಂದುಕೋ ಎಂದು ತೆಲುಗಿನಲ್ಲಿ. ಬೇಸರ ಬಂದಾಗ ನಮ್ಮ ಕಡೆಯವರಿಗೆ ತೆಲುಗು ಬೇಗ ಬರುತ್ತದೆ.

ಆಕೆ ಕೂರಲಿಲ್ಲ. "ಹೊಸ ಗೆರೆ ಒಂದೊಂದು ಹಳೇ ಗೆರೇನ ಒಂದೇ ಸಲ ದಾಟೋದು ಸರ್. ಒಂದು ಬೊಟ್ಟು ಅಂದ್ರೆ ಎರಡು ಹಳೇ ಗೆರೆ ಸೇರೋ ಜಾಗ. ಅಂದ್ರೆ ಒಂದು ಬೊಟ್ಟು ಮುಟ್ಟಿದ್ರೆ ಎರಡು ಹಳೇ ಗೆರೆ ಖರ್ಚಾದ್ವು. ಇರೋದು ಆರು. ಮೂರು ಬೊಟ್ಟಿಗೆ ಆರೂ ಮುಗೀತು. ನಾಲ್ಕನೇದಕ್ಕೆ ಗೆರೆ ಎಲ್ಲಿಂದ ತರೋಣ? ಒಂದೊಂದು ಗೆರೆಗೆ ಮೂರೇ ಅಂದ್ರೆ ಹದಿನೈದಕ್ಕೆ ಐದು ಬೇಕೇ ಬೇಕು."

ಇಷ್ಟು ಸ್ಪಷ್ಟವಾಗಿ ಆ ಹಾಲಿನಲ್ಲಿ ಆ ದಿನ ಬೇರೆ ಯಾರೂ ಮಾತಾಡಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸಿದೆ. ಸರಿಯಾಗಿತ್ತು. ಅಲ್ಲಿದ್ದ ಮೂವತ್ತು ಚಿಲ್ಲರೆ ಮೇಷ್ಟ್ರುಗಳೂ ಎಣಿಸಿರಬೇಕು, ಎಣಿಕೆ ನಮ್ಮ ಕಸುಬು. ಎಲ್ಲರೂ ಫ್ಯಾನು ನೋಡುತ್ತಿದ್ದರು.

"ಅದು ಪುಸ್ತಕದ ಮಾತಮ್ಮ," ಎಂದರು ಹಿರಿಯ ಮೇಷ್ಟ್ರು. "ಇದು ಬೋರ್ಡು."

"ಒಂದು ದಾರ ಸಿಕ್ರೆ ತೋರಿಸ್ತೀನಿ ಸರ್," ಎಂದು ಆಕೆ ಸುತ್ತ ನೋಡಿದಳು.

ನಾನು ಜೇಬಿನಿಂದ ಕೆಂಪು ಬಿಳಿ ದಾರ ತೆಗೆದು ಕೊಟ್ಟೆ. ಬಲಗೈಯಿಂದ ಕೊಟ್ಟೆ. ಆಕೆ ಎಡಗೈಯಿಂದ ತೆಗೆದುಕೊಂಡಳು, ಬಲಗೈಯಲ್ಲಿ ಪೆನ್ನಿತ್ತು. ಯಾಕೆ ಕೊಟ್ಟೆ ಎಂದರೆ ಕೇಳಿದಳು, ನನ್ನಲ್ಲಿತ್ತು. ಅದರಲ್ಲಿ ಧೈರ್ಯವೇನೂ ಇರಲಿಲ್ಲ.

"ಸರ್, ಈ ತುದಿ ಹಿಡ್ಕೊಳ್ತೀರಾ?" ಎಂದಳು. ಎದ್ದು ಹೋಗಿ ಮೊದಲನೇ ಕೆಂಪು ಗೆರೆಯ ಒಂದು ತುದಿಯಲ್ಲಿ ದಾರ ಒತ್ತಿ ಹಿಡಿದೆ. ಆಕೆ ಇನ್ನೊಂದು ತುದಿ ಹಿಡಿದಳು. ದಾರ ಮೂರು ಬೊಟ್ಟುಗಳ ಮೇಲೆ ಹಾದುಹೋಯಿತು. ನಾಲ್ಕನೆಯದು ಅರ್ಧ ಬೆರಳು ಕೆಳಗಿತ್ತು. ದಾರವನ್ನು ಕೆಳಗಿಳಿಸಿ ನಾಲ್ಕನೆಯದನ್ನು ಮುಟ್ಟಿಸಿದರೆ ಮೊದಲನೆಯದು ಕೈಬಿಡುತ್ತಿತ್ತು. ಆ ಬೊಟ್ಟುಗಳನ್ನು ಮುಚ್ಚಿದ್ದು ಗೆರೆಯಲ್ಲ, ಚಾಕ್‌ಪೀಸಿನ ಅಗಲ.

"ದಾರ ಸಡಿಲ ಬಿಟ್ಟಿದೀರ," ಎಂದರು ಹಿರಿಯ ಮೇಷ್ಟ್ರು.

ಬಿಗಿಯಾಗಿದೆ ಸರ್ ಎಂದು ನಾನು ಹೇಳಲಿಲ್ಲ. ಇನ್ನೂ ಸ್ವಲ್ಪ ಬಿಗಿಯಾಗಿ ಹಿಡಿದೆ.

ಅಷ್ಟರಲ್ಲಿ ನಿರೂಪಕರು ಮೈಕು ಹಿಡಿದು ಸನ್ಮಾನದ ಘಳಿಗೆ ಬಂದಿತೆಂದರು. ಶಾಲು ಹೊದಿಸಿದ್ದಾಯಿತು, ಪೇಟ ತೊಡಿಸಿದ್ದಾಯಿತು. ಕಾರ್ಯದರ್ಶಿಗಳು ಹಾರ ಎತ್ತಿದರು. ಪೇಟ ದೊಡ್ಡದು, ಹಾರದ ಕುಣಿಕೆ ಚಿಕ್ಕದು. ಎಳೆದು ಇಳಿಸುವಾಗ ಕಿವಿಯ ಹತ್ತಿರ ನೂಲು ತುಂಡಾಗಿ ಅರ್ಧ ಹಾರ ನೆಲಕ್ಕೆ ಸುರಿಯಿತು. ಬೆಳಗ್ಗೆ ಕಟ್ಟಿಸಿ, ಬೈಕಿನ ಮುಂದೆ ತೂಗುಹಾಕಿಕೊಂಡು ಬಂದ ಸೇವಂತಿಗೆ ಹಾರ ಮಧ್ಯಾಹ್ನ ಅಷ್ಟು ಬಾಳಿದ್ದೇ ಹೆಚ್ಚು.

ಹಿಂದಿನಿಂದ ಒಂದು ದನಿ ಬಂತು: "ಆಯಮ್ಮ ದಾರ ಎಳ್ಕೊಂಡ್ಲಲ್ಲ, ಅದಕ್ಕೇ."

ಒಂದು ನಿಮಿಷದಲ್ಲಿ ಇಡೀ ಹಾಲಿಗೆ ವಿಷಯ ಇತ್ಯರ್ಥವಾಯಿತು. ಹದಿನೈದು ಬೊಟ್ಟು ಎಣಿಸಲು ಅರ್ಧ ಗಂಟೆ ತೆಗೆದುಕೊಂಡವರು ಇದನ್ನು ಎಣಿಸದೆಯೇ ಕಂಡುಕೊಂಡರು. ದಾರ ಇನ್ನೂ ಆಕೆಯ ಕೈಯಲ್ಲಿತ್ತು. ಅದು ಕೆಂಪು ಬಿಳಿ ಹುರಿ. ಹಾರದ ನೂಲು ಬರೀ ಬಿಳಿ. ಇದನ್ನು ನೋಡಲು ಬಿ.ಎಡ್. ಬೇಕಿರಲಿಲ್ಲ.

"ಇದು ಪೊಟ್ಟಣದ್ದು ಸರ್," ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿದಳು. ಅದು ನನಗೆ ಕಾಣಲಿಲ್ಲ, ಗೊತ್ತಾಯಿತು. ಆ ಹೊತ್ತಿಗೆ ನಾನು ಬಗ್ಗಿ ನೆಲದ ಮೇಲಿನ ಹೂ ಆರಿಸುತ್ತಿದ್ದೆ. ಹೂ ಆರಿಸುವವನು ತಲೆ ಎತ್ತಬೇಕೆಂದು ಯಾವ ನಿಯಮವೂ ಇಲ್ಲ. ಒಂದೊಂದೇ ಹೂವನ್ನು ಆರಿಸಿದೆ, ಎಸಳು ಉದುರಿದವನ್ನೂ ಬಿಡದೆ. ತಟ್ಟೆ ತುಂಬಿದ ಮೇಲೆ ಎದ್ದೆ. ಆಕೆ ಹೊರಟುಹೋಗಿದ್ದಳು.

ಆ ವಾರವೇ ಬಳಗದ ವಾಟ್ಸಾಪ್ ಗುಂಪಿನಲ್ಲಿ ಕಾರ್ಯದರ್ಶಿಗಳ ಸಂದೇಶ ಬಂತು. ಸನ್ಮಾನಿತರಿಗೆ ಆದ ಅಗೌರವದ ಬಗ್ಗೆ ಮುಂದಿನ ಸಾಲಿನಲ್ಲಿದ್ದವರು ಲಿಖಿತ ಹೇಳಿಕೆ ಕೊಡಬೇಕು. ಕೆಳಗೆ ಇಪ್ಪತ್ತು ಜನ ಕೈಮುಗಿದ ಚಿತ್ರ ಹಾಕಿದ್ದರು. ಯಾವುದಕ್ಕೆ ಕೈಮುಗಿದರೆಂದು ಅವರಿಗೂ ಗೊತ್ತಿರಲಾರದು.

ನಾನು ಮೂರು ಪುಟ ಬರೆದೆ. ಪೊಟ್ಟಣ ಬಿಚ್ಚಿದ್ದು, ದಾರದ ಬಣ್ಣ, ಜೇಬು, ಯಾವ ಕೈಯಿಂದ ಯಾವ ಕೈಗೆ, ಎಲ್ಲವನ್ನೂ. ಅಂಚೆಗೆ ಹಾಕದೆ, ಭಾನುವಾರ ಬಸ್ಸು ಹಿಡಿದು ಗೌರಿಬಿದನೂರಿನ ಅವರ ಮನೆಗೇ ಹೋದೆ. ಕಾಫಿ ಬಂತು. ಅವರು ಮೊದಲ ಪುಟದ ಅರ್ಧ ಓದಿ ಕೆಳಗಿಟ್ಟರು.

"ಏನ್ ಸಾರ್ ಇದು, ಪಂಚನಾಮೆ ಥರ ಬರ್ದಿದೀರ."

"ಕಂಡಿದ್ದು ಬರ್ದಿದೀನಿ."

"ನೋಡಿ, ನಾಲ್ಕು ಜನದ್ದು ಬಂದಿದೆ. ನಂದು, ಮೇಷ್ಟ್ರುದು, ನಿರೂಪಕರದು, ಹಾರ ತಂದೋರದು. ನಾಲ್ಕೂ ಒಂದೇ ಥರ ಇದಾವೆ. ನಾಲ್ಕು ಸಾಕು. ನಿಮ್ದೂ ಸೇರಿಸಿದ್ರೆ ಸುಮ್ನೆ ಗೋಜಲು."

"ಆಯಮ್ಮಂದು?"

"ತಪ್ಪು ಮಾಡಿದೋರನ್ನ ಕೇಳಿ ಏನ್ಮಾಡಣ ಸಾರ್? ಮಾಡಿಲ್ಲ ಅಂತಾನೇ ಅಂತಾರೆ." ಆಮೇಲೆ ನನ್ನ ಪುಟಗಳನ್ನು ಮಡಚಿ ನನ್ನ ಕೈಗೇ ಕೊಟ್ಟು, ದನಿ ಇಳಿಸಿದರು. "ಇದು ನಿಮ್ಮತ್ರಾನೇ ಇರ್ಲಿ. ದಾರ ಕೊಟ್ಟೋನು ನಾನೇ ಅಂತ ನೀವಾಗೇ ಬರ್ಕೊಡೋದ್ಯಾಕೆ? ಇನ್ನೂ ಸರ್ವೀಸ್ ಇದೆ ನಿಮಗೆ."

ನಾನು ವಾದಿಸಲಿಲ್ಲ. ನಿಜ ಹೇಳಬೇಕೆಂದರೆ ಹಗುರಾದೆ. ಹೇಳಿಕೆ ಬರೆದವನೆಂಬ ಪುಣ್ಯವೂ ಬಂತು, ಕೊಟ್ಟವನೆಂಬ ಕಷ್ಟವೂ ತಪ್ಪಿತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದೋಸೆ ತಿಂದೆ. ಎರಡನೇ ಸಲ ಚಟ್ನಿ ಕೇಳಿ ಹಾಕಿಸಿಕೊಂಡೆ.

ಏಪ್ರಿಲ್‌ನಲ್ಲಿ ಒಂದು ಸಂಜೆ ಆಕೆಯ ಫೋನು ಬಂತು.

"ಜೂನ್‌ಗೆ ಆರ್ಡರ್ ಕೊಡಲ್ವಂತೆ ಸರ್. ಹಾರ ಹರಿದೋರನ್ನ ಇಟ್ಕೊಂಡ್ರೆ ಸಂಸ್ಥೆಗೆ ಕೆಟ್ಟ ಹೆಸರು ಅಂದ್ರು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ನೀವು ಹೇಳಿಕೆ ಕೊಟ್ರಾ ಸರ್?"

"ಕೊಡಕ್ಕೆ ಹೋಗಿದ್ದೆನಮ್ಮ."

"ಹೋಗಿದ್ರಾ," ಎಂದಳು. ಅಷ್ಟೇ. ಇನ್ನೊಬ್ಬರಾಗಿದ್ದರೆ ಬೈಯುತ್ತಿದ್ದರು, ನನಗೂ ಜಗಳವಾಡಿ ಉಸಿರು ಬಿಡಲು ಅವಕಾಶ ಸಿಗುತ್ತಿತ್ತು. ಆಕೆ ಇಡ್ತೀನಿ ಸರ್ ಎಂದು ಫೋನಿಟ್ಟಳು.

ಆ ಮೂರು ಪುಟ ಬ್ಯಾಗಿನಲ್ಲೇ ಇತ್ತು. ತೆಗೆದು, ಕೊನೆ ಪುಟದ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಆರು ಗೆರೆ ಎಳೆದೆ. ಒಂದೊಂದು ಗೆರೆ ಮುಂದಿನ ಸಾಲಿನ ಒಬ್ಬೊಬ್ಬರು. ಯಾರಿಬ್ಬರು ಆ ಮಧ್ಯಾಹ್ನ ಎಲ್ಲಿ ಎದುರಾದರೋ ಅದು ಒಂದು ಬೊಟ್ಟು. ಹದಿನೈದು. ಈಗ ಹೊಸ ಗೆರೆ ಬೇಡ. ಇರುವ ಆರರಲ್ಲೇ ಕೆಲವನ್ನು ಪೆನ್ಸಿಲ್ಲಿನಿಂದ ಮತ್ತೆ ದಪ್ಪಗೆ ತಿದ್ದಿ ಬೊಟ್ಟುಗಳನ್ನು ಮುಚ್ಚಬೇಕು. ಐದನ್ನು ತಿದ್ದಿದರೆ ಹದಿನೈದೂ ಮುಚ್ಚುತ್ತವೆ, ಯಾಕೆಂದರೆ ಬಿಟ್ಟ ಒಂದು ಗೆರೆಯ ಮೇಲಿನ ಎಲ್ಲ ಬೊಟ್ಟೂ ಉಳಿದ ಐದರ ಮೇಲೂ ಇವೆ. ಕಾರ್ಯದರ್ಶಿಗಳು ತೆಗೆದುಕೊಂಡ ನಾಲ್ಕನ್ನು ತಿದ್ದಿದೆ. ಹದಿನಾಲ್ಕು ಮುಚ್ಚಿದವು. ಒಂದು ಉಳಿಯಿತು. ಬಿಟ್ಟ ಇಬ್ಬರು ಯಾರೋ ಅವರಿಬ್ಬರು ಸೇರಿದ ಬೊಟ್ಟು ಅದು. ನನ್ನ ಬಲಗೈಯಿಂದ ಆಕೆಯ ಎಡಗೈಗೆ ದಾರ ಹೋದ ಜಾಗ. ಅದನ್ನು ಕೈಯಾರೆ ಬಲ್ಲವರು ನಾವಿಬ್ಬರೇ. ಕಾರ್ಯದರ್ಶಿಗಳು ಬೇಕೆಂದು ಬಿಟ್ಟರೋ ಅನುಕೂಲಕ್ಕೆ ಬಿಟ್ಟರೋ ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ನಾಲ್ಕು ಸಾಕು ಎನ್ನುವವರು ಯಾವಾಗಲೂ ಯಾವುದನ್ನು ಬಿಡಬೇಕೆಂದು ಚೆನ್ನಾಗಿ ಬಲ್ಲರು.

ಪುಟಗಳನ್ನು ಮತ್ತೆ ಬ್ಯಾಗಿಗೆ ಹಾಕದೆ ಮೇಜಿನ ಮೇಲೇ ಇಟ್ಟೆ.

ಮೇ ತಿಂಗಳ ಸಭೆಗೆ ಪುಟಗಳನ್ನು ಹಿಡಿದು ಹೋದೆ. ಪರೀಕ್ಷೆಗಳ ಗಡಿಬಿಡಿಯಲ್ಲಿ ಮಾರ್ಚ್, ಏಪ್ರಿಲ್ ಸಭೆಗಳು ನಡೆದಿರಲಿಲ್ಲ. ನಮ್ಮ ಸಭೆಯ ಮೊದಲ ಕೆಲಸ, ಹಿಂದಿನ ನಡಾವಳಿ ಓದಿ ಒಪ್ಪಿಗೆ ಪಡೆಯುವುದು. ಓದುವವರು ಬಸ್ಸಿನ ಕಂಡಕ್ಟರಿನಂತೆ ಓದುತ್ತಾರೆ, ಕೇಳುವವರು ಸರಿ ಸರಿ ಎನ್ನುತ್ತಾರೆ. ಅಂದು ಓದಿದ್ದರಲ್ಲಿ "ಶಿಕ್ಷಕಿಯೊಬ್ಬರು ಹಾರದ ದಾರವನ್ನು ಎಳೆದ ಕಾರಣ ಹಾರವು ತುಂಡಾಗಿ" ಎಂಬ ವಾಕ್ಯವಿತ್ತು. ಆಕೆ ಸಭೆಯಲ್ಲಿರಲಿಲ್ಲ, ಆ ಫೆಬ್ರವರಿಯ ನಂತರ ಆಕೆಗೆ ಕರೆಯೇ ಹೋಗಿರಲಿಲ್ಲ.

ನಾನು ಎದ್ದೆ. "ಅದು ತಪ್ಪು," ಎಂದೆ. ಮುಂದಿನ ಕುರ್ಚಿ ಹಿಡಿದುಕೊಂಡೆ. ಮೂರು ಪುಟವನ್ನೂ ಓದಿದೆ, ನಿಧಾನವಾಗಿ. ನಾನು ಹೂ ಆರಿಸುತ್ತಾ ಕೂತದ್ದನ್ನೂ, ಬರೆದಿರದಿದ್ದರೂ, ಕೊನೆಗೆ ಸೇರಿಸಿ ಹೇಳಿದೆ. ಮೊದಲ ಪುಟಕ್ಕೆ ಕೆಲವರು ಫೋನು ತೆಗೆದರು. ಎರಡನೇ ಪುಟಕ್ಕೆ ಇಟ್ಟರು.

ಹಾರ ತಂದ ಪೆರೇಸಂದ್ರದ ಮೇಷ್ಟ್ರು ಮೊದಲು ಬಾಯಿಬಿಟ್ಟರು. "ಪೊಟ್ಟಣಕ್ಕೆ ಕೆಂಪು ಬಿಳಿ ದಾರ ಕಟ್ಟಿದ್ದು ಹೌದು ಸಾರ್. ನಾನೇ ಕಟ್ಟಿಸಿದ್ದು."

"ಮತ್ತೆ ಆಗ್ಯಾಕಪ್ಪ ಹೇಳಲಿಲ್ಲ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ಯಾವ ಕಲರ್ ಅಂತ ಯಾರೂ ಕೇಳಲಿಲ್ಲ ಸಾರ್."

ಎಲ್ಲರೂ ಹಿರಿಯ ಮೇಷ್ಟ್ರ ಕಡೆ ನೋಡಿದರು. ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೇಳಿದರು:

"ದಾರ ಯಾವ್ದಾದ್ರೆ ನಂಗೇನಪ್ಪ. ಹೂವಿನ ಹಾರ, ಹರಿದ್ಹೋಯ್ತು, ಬಿಡು. ಆ ಹುಡುಗಿ ನನ್ನ ಗೆರೆ ತಪ್ಪು ಅಂದ್ಲು. ಎಲ್ಲರ ಮುಂದೆ. ನನ್ನ ಗೆರೆ ತಪ್ಪು ಅಂತ ಇವತ್ತಿನವರೆಗೆ ಒಬ್ರು ಅಂದಿಲ್ಲ."

ಆ ಮಾತಿನಲ್ಲಿ ನಟನೆ ಇರಲಿಲ್ಲ. ನನಗೆ ಅವರ ಮೇಲೆ ಅಯ್ಯೋ ಅನ್ನಿಸಿತು. ಒಬ್ಬರೂ ಅಂದಿರಲಿಲ್ಲ, ಅದೇ ಅವರಿಗೆ ನಾವು ಮಾಡಿದ್ದ ಅನ್ಯಾಯ.

ಕಾರ್ಯದರ್ಶಿಗಳು ಎಂಥ ಗಂಟನ್ನೂ ಬಿಚ್ಚದೆಯೇ ಮುಚ್ಚಬಲ್ಲವರು. ನನ್ನನ್ನು ಬಾಗಿಲ ಹತ್ತಿರ ಕರೆದರು. "ಎರಡು ನಿರ್ಣಯ ಮಾಡಣ ಸಾರ್. ಒಂದು, ಹಾರ ತಾನಾಗೇ ತುಂಡಾಯ್ತು, ಯಾರ ತಪ್ಪೂ ಇಲ್ಲ. ಎರಡು, ಹದಿನೈದು ಬಿಂದುಗಳನ್ನ ನಾಲ್ಕೇ ಗೆರೇಲಿ ಮುಚ್ಚೋ ಮೇಷ್ಟ್ರ ವಿಧಾನಾನ ಬಳಗ ಮೆಚ್ಚಿ ಒಪ್ಪಿದೆ. ಸೂಚಕರು ನಾನು. ಅನುಮೋದಕರು ನೀವು. ಎರಡಕ್ಕೂ ಹಾಕಿ. ಆಯಮ್ಮನ ಆರ್ಡರ್ ನಾಳೇನೇ ಟೈಪ್ ಮಾ‌ಡಿಸ್ತೀನಿ."

"ಎರಡನೇದು ಆಗಲ್ವಲ್ಲ ಸಾರ್. ಲೆಕ್ಕಾನೇ ಆಗಲ್ಲ."

"ಲೆಕ್ಕ ಎಲ್ಲಿಗೂ ಓಡಿಹೋಗಲ್ಲ. ಆರ್ಡರಿಗೆ ಜೂನ್ ಒಂದೇ ಇರೋದು."

ನಾನು ಎರಡು ನಿಮಿಷ ಯೋಚಿಸಿದೆ. ಬೇರೆ ದಾರಿ ಇತ್ತೆಂದು ಈಗ ಅನ್ನಿಸುತ್ತದೆ. ಮೊದಲನೆಯದಕ್ಕೆ ಮಾತ್ರ ಸಹಿ ಹಾಕಿ ಕೂತುಬಿಡಬಹುದಿತ್ತು. ಮೂವತ್ತು ಜನರ ಮುಂದೆ ಓದಿ ಆಗಿತ್ತು, ಅದನ್ನು ಮತ್ತೆ ಮಡಚಿ ಕೈಗೆ ಕೊಡಲು ಅವರಿಗೆ ಆಗುತ್ತಿರಲಿಲ್ಲ. ಆಗ ಅಷ್ಟು ಹೊಳೆಯಲಿಲ್ಲ. ಪುಸ್ತಕ ತಂದರು, ಎರಡು ಕಡೆ ಹಾಕಿದೆ. ನಿರ್ಣಯವನ್ನು ಮತಕ್ಕೆ ಹಾಕಲಾಯಿತು. ಒಂದು ಸರಳರೇಖೆ ಏನು ಮಾಡಬಲ್ಲದು ಎಂಬುದರ ಬಗ್ಗೆ ಗಣಿತ ಮೇಷ್ಟ್ರುಗಳು ಕೈ ಎತ್ತಿದರು. ವಿರೋಧವಿರಲಿಲ್ಲ. ಹಿರಿಯ ಮೇಷ್ಟ್ರು ಕಣ್ಣೊರೆಸಿಕೊಂಡರು. ಬೋಂಡ, ಕಾಫಿ ಬಂತು.

ಸಂಜೆ ಆಕೆಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

"ಎರಡಕ್ಕೂ ಸೈನ್ ಹಾಕಿದ್ರಾ ಸರ್?"

"ಹಾಕಿದೆನಮ್ಮ."

"ದಾರದ್ದು ನಿಜ ಸರ್. ನಿಜ ಹೇಳಕ್ಕೆ ಜೊತೇಲಿ ಒಂದು ಸುಳ್ಳು ಯಾಕೆ ಬೇಕಿತ್ತು?"

"ಕೆಲಸ ಉಳೀತಲ್ಲಮ್ಮ."

"ಉಳೀತು ಸರ್." ಅದೇ ದನಿಯಲ್ಲಿ ಮುಂದುವರಿಸಿದಳು, "ಆ ನಿರ್ಣಯ ಬಳಗದ ಪತ್ರಿಕೇಲಿ ಬರುತ್ತೆ. ಪತ್ರಿಕೆ ನಮ್ ಸ್ಕೂಲಿಗೂ ಬರುತ್ತೆ. ಒಂಬತ್ತನೇ ಕ್ಲಾಸಿನವ್ರಿಗೆ ನಾನು ಆಗ್ಲೇ ಈ ಲೆಕ್ಕ ಹೇಳಿಕೊಟ್ಟಿದೀನಿ. ಐದು ಅಂತ. ಜೂನಲ್ಲಿ ಅವ್ರು ಹತ್ತಕ್ಕೆ ಬರ್ತಾರೆ, ಕೇಳೇ ಕೇಳ್ತಾರೆ. ನೀವೊಂದಿನ ಬಂದು ಹೇಳ್ಬೇಕು."

"ಏನಂತ ಹೇಳ್ಲಿ?"

"ಅದು ನಿಮಗೆ ಬಿಟ್ಟಿದ್ದು ಸರ್."

ಜುಲೈನಲ್ಲಿ, ಪತ್ರಿಕೆ ಶಾಲೆಗಳಿಗೆ ತಲುಪಿದ ಮೇಲೆ, ಒಂದು ಶನಿವಾರ ರಜೆ ಹಾಕಿ ಹೋದೆ. ಗೌರಿಬಿದನೂರಿಗೆ ಬಸ್ಸು, ಅಲ್ಲಿಂದ ಪ್ಯಾಸೆಂಜರ್ ರೈಲು, ತೊಂಡೇಬಾವಿಯಲ್ಲಿ ಇಳಿದು ಆಟೊ. ಆಕೆ ಗೇಟಿನ ಹತ್ತಿರ ಕಾದಿದ್ದಳು. ಬನ್ನಿ ಸರ್ ಎಂದಳು, ಹೆಚ್ಚೇನೂ ಮಾತಾಡಲಿಲ್ಲ. ಹತ್ತನೇ ತರಗತಿ ಹೆಡ್‌ಮಾಸ್ಟರರ, ಅಂದರೆ ನಮ್ಮ ಕಾರ್ಯದರ್ಶಿಗಳ ಕೋಣೆಯ ಪಕ್ಕದಲ್ಲೇ ಇತ್ತು. ಅವರು ಒಳಗಿದ್ದರು. ನನ್ನನ್ನು ನೋಡಿ ಕೈಮುಗಿದು, "ಬನ್ನಿ ಸಾರ್, ನಮ್ಮ ಮಕ್ಕಳಿಗೂ ಎರಡು ಮಾತು ಹೇಳಿ," ಎಂದರು. ಬಾಗಿಲು ತೆರೆದೇ ಇಟ್ಟರು.

ಚಾಕ್‌ಪೀಸಿನ ತುದಿಯನ್ನು ನೆಲಕ್ಕೆ ಉಜ್ಜಿ ಚೂಪು ಮಾಡಿಕೊಂಡು ಆರು ಗೆರೆ ಎಳೆದೆ. ಎಷ್ಟು ಬಿಂದು ಎಂದೆ. ಹದಿನೈದು ಸಾ ಎಂದರು. ಮುಚ್ಚಲು ಕಡಿಮೆಯೆಂದರೂ ಎಷ್ಟು ಹೊಸ ಗೆರೆ ಬೇಕು ಎಂದೆ. ಐದು ಎಂದರು, ಎಲ್ಲರೂ ಒಟ್ಟಿಗೆ, ಮೊದಲೇ ಗೊತ್ತಿದ್ದವರ ದನಿಯಲ್ಲಿ. ಯಾಕೆ ಎಂದೆ. ಮುಂದಿನ ಬೆಂಚಿನ ಒಬ್ಬಳು ಎದ್ದು, ಒಂದು ಬಿಂದುವಿಗೆ ಎರಡು ಗೆರೆ ಖರ್ಚಾಗುವ ಲೆಕ್ಕವನ್ನು ಪಟಪಟನೆ ಹೇಳಿ, ಕೂರದೆ ನಿಂತೇ ಇದ್ದಳು. ಅವಳ ಕೈಯಲ್ಲಿ ಬಳಗದ ಪತ್ರಿಕೆಯಿತ್ತು.

"ಇದ್ರಲ್ಲಿ ನಾಲ್ಕು ಅಂತ ಹಾಕಿದಾರೆ ಸರ್."

"ಅದು ತಪ್ಪಮ್ಮ."

"ಯಾರು ಸರ್ ತಪ್ಪು ಮಾಡಿರೋದು?"

ಪತ್ರಿಕೆಯಲ್ಲಿ ನಿರ್ಣಯದ ಕೆಳಗೆ ಎರಡು ಹೆಸರುಗಳಿದ್ದವು. ಮೊದಲನೆಯ ಹೆಸರಿನವರು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ನಾನು ಹುಡುಗಿಯ ಹತ್ತಿರ ಹೋಗಿ ಎರಡನೆಯ ಹೆಸರಿನ ಮೇಲೆ ಬೆರಳಿಟ್ಟೆ.

"ಇದು ನನ್ನ ಹೆಸರು. ತಪ್ಪು ಅಂತ ಗೊತ್ತಿದ್ದೂ ಸೈನ್ ಹಾಕ್ದೆ."

ತರಗತಿಯಲ್ಲಿ ಯಾರೂ ನಗಲಿಲ್ಲ. ಹುಡುಗಿ ನನ್ನನ್ನು ನೋಡಿದಳು. ಆಕ್ಷೇಪಣೆ ಏನೂ ಇರಲಿಲ್ಲ ಆ ನೋಟದಲ್ಲಿ, ಲೆಕ್ಕದ ಮುಂದಿನ ಹೆಜ್ಜೆ ಕೇಳುವವಳಂತೆ ಕೇಳಿದಳು:

"ಗೊತ್ತಿದ್ದೂ ಯಾಕ್ ಸರ್ ಹಾಕಿದ್ರಿ?"

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಅದು ಕೊನೆಯ ಬೆಂಚಿನ ಪಕ್ಕದಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿತ್ತು. ಹೇಳಿದರೆ ತೆರೆದ ಬಾಗಿಲಿನಾಚೆಗೂ ಕೇಳಿಸುತ್ತಿತ್ತು; ಚಾಕ್‌ಪೀಸನ್ನು ಮೇಜಿನ ಮೇಲಿಟ್ಟೆ.

"ಸರ್‌ಗೆ ಟ್ರೈನಿಗೆ ಹೊತ್ತಾಗುತ್ತೆ," ಎಂದಳು ಆಕೆ ಹಿಂದಿನಿಂದ. ದನಿ ಸಹಜವಾಗಿಯೇ ಇತ್ತು. "ಎಲ್ರೂ ನೋಟ್ಸ್ ತೆಗೀರಪ್ಪ. ಆ ಪತ್ರಿಕೆ ಒಳಗಿಡಮ್ಮ. ಬರ್ಕೊಳ್ಳಿ. ಐದು."

ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು.